ಕುಪ್ಪಳಿಯ ಕವಿಮನೆಯಲ್ಲಿ ಒಂದು ಮಧ್ಯಾಹ್ನ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ಕುಪ್ಪಳಿಯ ತಿರುವು ಸಿಗುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ಕಾಡಿನ ಹಸಿರಿಗೆ ಬೆನ್ನು ಕೊಟ್ಟು ನಿಂತ, ಹೆಂಚು ಹೊದಿಸಿದ ಮೂರಂತಸ್ತಿನ ಆ ತೊಟ್ಟಿಮನೆ ದೂರದಿಂದಲೇ ಕಾಣುತ್ತದೆ. ಶಿಥಿಲವಾಗಿದ್ದ ಇದನ್ನು ಹಳೆಯ ರೂಪದಲ್ಲಿಯೇ ಎತ್ತಿ ನಿಲ್ಲಿಸಿ ಕಾಪಾಡಿಕೊಂಡು ಬಂದಿರುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ.

ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಇಲ್ಲಿ. ಹೈಸ್ಕೂಲಿಗೆಂದು ಮೈಸೂರಿಗೆ ಹೋದವರು ಮುಂದೆ ಅಲ್ಲಿಯೇ 'ಉದಯರವಿ' ಎಂಬ ಮನೆ ಕಟ್ಟಿಸಿ ನೆಲೆನಿಂತರು. ಹಾಗಾಗಿ ಕುಪ್ಪಳಿಯ ಮನೆಯಲ್ಲಿ ಕವಿಯ ಮೇಜು, ಲೇಖನಿಗಳಿಗಿಂತ ಒಂದು ದೊಡ್ಡ ಒಕ್ಕಲು ಕುಟುಂಬದ ಬದುಕೇ ಹೆಚ್ಚು ಕಾಣುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಈ ಮನೆಯ ನಿಜವಾದ ಸಂಪತ್ತು.

ಒಳಗೆ ಕಾಲಿಟ್ಟೊಡನೆ ಬಯಲಿಗೆ ತೆರೆದ ಅಂಗಳ, ಅದರ ನಡುವೆ ತುಳಸಿಕಟ್ಟೆ, ಸುತ್ತ ಜಗಲಿ, ಒಬ್ಬರ ತೋಳಿಗೆ ಸುಲಭವಾಗಿ ನಿಲುಕದ ಮರದ ಕಂಬಗಳು. ಮಳೆನೀರು ಹೆಂಚಿನಂಚಿನಿಂದ ಅಂಗಳಕ್ಕೆ ಸುರಿಯುತ್ತಿದ್ದುದನ್ನು ನೋಡುತ್ತ ಜಗಲಿಯಲ್ಲಿ ಬಹಳ ಹೊತ್ತು ನಿಂತೆ. 'ಮಲೆಗಳಲ್ಲಿ ಮದುಮಗಳು' ಓದುವಾಗ ಜಗಲಿ, ಹಿತ್ತಿಲಕಡೆ, ಉಪ್ಪರಿಗೆ, ಮುರುವಿನ ಒಲೆ ಎಂಬ ಮಾತುಗಳನ್ನೆಲ್ಲ ಬಯಲುಸೀಮೆಯವನಾದ ನಾನು ಅಂದಾಜಿನ ಮೇಲೆ ದಾಟಿಕೊಂಡು ಹೋಗಿದ್ದೆ. ಜಗಲಿಯಲ್ಲಿ ಗಂಡಸರ ಮಾತು ನಡೆಯುತ್ತಿರುವಾಗ ಒಳಮನೆಯ ಹೆಂಗಸರಿಗೆ ಅದು ಹೇಗೆ ಕೇಳಿಸುತ್ತದೆ, ಯಾರ ಕಣ್ಣಿಗೂ ಬೀಳದೆ ಹಿತ್ತಿಲಿಗೆ ಹೋಗುವುದು ಏಕೆ ಕಷ್ಟ ಎಂಬುದು ಆ ಕಂಬಗಳ ನಡುವೆ ನಿಂತಾಗ ತಾನಾಗಿ ತಿಳಿಯಿತು. ಅಡುಗೆಮನೆಯ ಪಾತ್ರೆಗಳು, ಉಪ್ಪಿನಕಾಯಿಯ ಭರಣಿಗಳು, ಬಾಣಂತಿ ಕೋಣೆ, ಬೇಸಾಯದ ಸಲಕರಣೆಗಳು: ಇವನ್ನು ಕವಿಯ ವಸ್ತುಗಳಷ್ಟೇ ಗೌರವದಿಂದ ಇಟ್ಟಿರುವುದು ಬಹಳ ಸರಿಯಾದ ತೀರ್ಮಾನವೆಂದು ನಾನು ಭಾವಿಸುತ್ತೇನೆ. 1937ರಲ್ಲಿ ಹೇಮಾವತಿಯವರೊಡನೆ ನಡೆದ ವಿವಾಹದ ಮಂಟಪವೂ ಇಲ್ಲಿದೆ.

ಮೇಲಂತಸ್ತಿನಲ್ಲಿ ಪುಸ್ತಕಗಳು, ಛಾಯಾಚಿತ್ರಗಳು, ಪ್ರಶಸ್ತಿಗಳು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ 'ಶ್ರೀ ರಾಮಾಯಣ ದರ್ಶನಂ' ಬರೆದವರ ಮನೆಯಲ್ಲಿ ಅವು ಇರಲೇಬೇಕು. ಆದರೆ ನನ್ನ ಮನಸ್ಸು ಕೆಳಗಿನ ಜಗಲಿಯಲ್ಲಿಯೇ ಉಳಿದಿತ್ತು.

ಮಳೆ ನಿಂತ ಮೇಲೆ ಮನೆಯ ಸಮೀಪದ ಗುಡ್ಡ ಕವಿಶೈಲ ಹತ್ತಿದೆ. ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಬೃಹತ್ ಶಿಲೆಗಳ ವಿನ್ಯಾಸದ ನಡುವೆ, 1994ರ ನವೆಂಬರ್‌ನಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದ ಜಾಗವಿದೆ. ಅಲ್ಲಿನ ಹಾಸುಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಕೆತ್ತಿದ ತಮ್ಮ ಹೆಸರುಗಳು ಉಳಿದಿವೆ. ಗುರುಗಳೂ ಶಿಷ್ಯನೂ ಒಂದೇ ಕಲ್ಲಿನ ಮೇಲೆ ಕುಳಿತಿದ್ದ ಸಂಜೆಯನ್ನು ನೆನೆಯುತ್ತ, ಮಳೆನೀರು ತುಂಬಿಕೊಂಡಿದ್ದ ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಕಣಿವೆಯಿಂದ ಮಂಜು ಮೇಲೇರಿ ಎದುರಿನ ಮಲೆಗಳನ್ನು ಒಂದೊಂದಾಗಿ ಮುಚ್ಚತೊಡಗಿದಾಗ ಕೆಳಗಿಳಿದೆ.