ಕಪ್ಪು ಬೆಲ್ಲದ ಬ್ರೆಡ್

ಪುಣೆಯ ಈ ಮಳೆಗೆ ಮನೆಯಲ್ಲೇ ಗೋಧಿ ಬ್ರೆಡ್ ಮಾಡುವ ಹುಚ್ಚು ಹತ್ತಿದೆ. ಬಣ್ಣಕ್ಕೆ ಬೇರೇನೂ ಬೇಡ, ಕೊಲ್ಹಾಪುರದ ಕೆಮಿಕಲ್ ಹಾಕದ ಕಪ್ಪು ಬೆಲ್ಲ ಸಾಕು. ಬಿಸಿನೀರಲ್ಲಿ ಕರಗಿಸಿ, ಸೋಸಿ, ಉಗುರು ಬೆಚ್ಚಗಾದ ಮೇಲೆ ಯೀಸ್ಟ್. ಗೋಧಿಹಿಟ್ಟು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ತೌಡು ನೆನೆಯಲಿ ಅಂತ ಕಲಸಿ ಅರ್ಧ ಗಂಟೆ ಸುಮ್ನೆ ಬಿಡುತ್ತೇನೆ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಬೆರಳಿಗೆ ಅಂಟುವ ಹಾಗಿರಬೇಕು. 190 ಡಿಗ್ರಿಯಲ್ಲಿ ಬೇಯುವಾಗ ಮನೆಯೆಲ್ಲ ಹೂರಣದ ಘಮ!

ಅಂಗಡಿಯ ಬ್ರೌನ್ ಬ್ರೆಡ್ ಪೊಟ್ಟಣದ ಹಿಂದೆ ಒಮ್ಮೆ ಓದಿ ನೋಡಿ. ಎಷ್ಟೋ ಸಲ ಮೊದಲ ಹೆಸರೇ ಮೈದಾ. ಬಣ್ಣಕ್ಕೇ ಮರುಳಾಗುವವರು ನಾವು, ಅಲ್ವಾ?

ಪಕ್ಕದ ಮನೆಯ ವಿಜಯಪುರದ ಕಾಕುಗೆ ಒಂದು ತುಂಡು ಕೊಟ್ಟೆ. ತುಪ್ಪ ಸವರಿಕೊಂಡು ತಿಂದರು. "ಭಾಳ ಛಲೋ ಆಗ್ಯದ. ಯಾಲಕ್ಕಿ ಯಾಕ ಹಾಕಿಲ್ಲ?"