ಮೇಡಂ, ಮೇಷ್ಟ್ರು ಮತ್ತು ಅಳುವ ಮಗು

ಸೈಕಾಲಜಿ ಮೇಡಂ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ಯಾರಿಗೂ ಸಿಲಬಸ್ ನೆನಪಾಗಲಿಲ್ಲ. ಎಲ್ಲರಿಗೂ ನೆನಪಾದದ್ದು ಅವರ ಒಂದೇ ಪ್ರಶ್ನೆ: "ಇದನ್ನ ಯಾರನ್ನ ಕೇಳಿ ಬರೆದ್ರು?"

ಕೋಲ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ ನೈತಿಕ ಬೆಳವಣಿಗೆಯ (ಸರಿ ತಪ್ಪು ತೂಗುವ ಬುದ್ಧಿ ಬೆಳೆಯುವ) ಹಂತಗಳನ್ನು ನಾವು ಬಾಯಿಪಾಠ ಮಾಡಿ ಒಪ್ಪಿಸಿದರೆ, ಆತ ಶುರುವಿನಲ್ಲಿ ಮಾತಾಡಿಸಿದ್ದು ಹುಡುಗರನ್ನು ಮಾತ್ರ ಅಂತ ತಣ್ಣಗೆ ಹೇಳುತ್ತಿದ್ದರು. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ತೆಗೆದ ತಕರಾರೂ ಅದೇ ಅಲ್ವಾ? ಹಾಗಂತ ಗಿಲಿಗನ್‌ಗೂ ರಿಯಾಯಿತಿ ಇರಲಿಲ್ಲ. "ಹೆಂಗಸರು ಯೋಚಿಸೋ ರೀತಿಯೇ ಬೇರೆ ಅಂತ ಇವರು ಯಾರನ್ನ ಕೇಳಿದ್ರು?" ಅಂತ ಮತ್ತೆ ಶುರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಲ್ಕಿನ್ಸ್ ಕಥೆ ಬಂದಾಗ ಮಾತ್ರ ದನಿ ಏರುತ್ತಿತ್ತು. ಹಾರ್ವರ್ಡ್‌ನಲ್ಲಿ ಪಿಎಚ್‌ಡಿಗೆ ಬೇಕಾದ್ದೆಲ್ಲ ಮುಗಿಸಿದರೂ ಹೆಣ್ಣೆಂದು ಡಿಗ್ರಿ ಕೊಡಲಿಲ್ಲ. ಆಮೇಲೆ ರ‍್ಯಾಡ್‌ಕ್ಲಿಫ್ ಅನ್ನೋ ಹೆಣ್ಣುಮಕ್ಕಳ ಕಾಲೇಜಿನ ಹೆಸರಲ್ಲಿ ಕೊಡುತ್ತೇವೆ ಅಂದಾಗ ಆಕೆಯೇ ಬೇಡ ಅಂದರು. 1905ರಲ್ಲಿ ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್‌ಗೆ ಅಧ್ಯಕ್ಷೆಯಾದರು.

ಇನ್ನು ನಮ್ಮ ಕಿತಾಪತಿ. ಕಾಂಡ್ರಿ ದಂಪತಿ 1976ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಪೆಟ್ಟಿಗೆಯಿಂದ ಗೊಂಬೆ ಚಿಮ್ಮಿದಾಗ ಬೆಚ್ಚುವ ಮಗುವಿನ ವಿಡಿಯೋ ತೋರಿಸಿದರು. ಮಗು ಗಂಡು ಅಂತ ಹೇಳಿ ತೋರಿಸಿದವರಿಗೆ ಆ ಅಳುವಿನಲ್ಲಿ ಸಿಟ್ಟು ಕಂಡಿತು, ಹೆಣ್ಣು ಅಂತ ಹೇಳಿ ತೋರಿಸಿದವರಿಗೆ ಭಯ. ಮಗು ಒಂದೇ! ನಾನು ನನ್ನ ಅಕ್ಕನ ಮಗುವಿನ ಅಳುವ ವಿಡಿಯೋ ಹಿಡಿದು ಸ್ಟಾಫ್ ರೂಮಿಗೆ ನುಗ್ಗಿದೆ (ಐಡಿಯಾ ನನ್ನದೇ, ಬೇರೆಯವರು ತಮ್ಮದು ಅನ್ನುತ್ತಾರೆ, ನಂಬಬೇಡಿ). ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಿಗೆ "ಗಂಡು ಮಗು ಸಾರ್" ಅಂದೆವು. "ಏನ್ ಕೋಪ ನೋಡು ಇವನಿಗೆ!" ಅಂದರು. ಪಕ್ಕದ ಕೋಣೆಯವರಿಗೆ "ಹೆಣ್ಣು" ಅಂದೆವು. "ಅಯ್ಯೋ, ಹೆದರಿದೆ ಪಾಪ." ನಮ್ಮ ಕುಣಿತ ಕೇಳಬೇಕೆ! ವಿಷಯ ಗೊತ್ತಾದಾಗ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಇಬ್ಬರು ಮೂವರನ್ನ ಕೇಳಿ ಏನೂ ಹೇಳೋಕಾಗಲ್ಲ, ಸ್ಯಾಂಪಲ್ ಸಾಲದು" ಅಂದರು. ಮೇಡಂ, ಒಪ್ಪಿಗೆ ಕೇಳದೆ ಜನರ ಮೇಲೆ ಪ್ರಯೋಗ ಮಾಡಿದ್ದಕ್ಕೆ ಬೈದು, ಆಮೇಲೆ ಮೇಷ್ಟ್ರು ಅಂದದ್ದನ್ನು ಇನ್ನೊಮ್ಮೆ ಹೇಳಿಸಿ ನಕ್ಕರು.

ಈಗ ನಾನೂ ಪಾಠ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ ಅಂತ ಹುಡುಗರು ಹೇಳುತ್ತಾರೆ. ಆದರೆ ಪ್ರಶ್ನೆಪತ್ರಿಕೆ ಮಾಡುವವರು ಪರೀಕ್ಷೆಯಲ್ಲಿ ಗಿಲಿಗನ್ ಅಂದರೆ ನಾಲ್ಕು ಇಸವಿ ಕೊಟ್ಟು ಒಂದಕ್ಕೆ ಟಿಕ್ ಹಾಕಿ ಅನ್ನುತ್ತಾರೆ. ಆಕೆ ಜಗಳ ಆಡಿದ್ದು ಯಾಕೆ ಅಂತ ಕೇಳುವ ಜಾಗವೇ ಇಲ್ಲ.

ಅಂದಹಾಗೆ, ಆ ವಿಡಿಯೋ ಯಾರ ಬಳಿಯಾದರೂ ಉಳಿದಿದ್ದರೆ ಕಳಿಸಿ. ಮಗು ಈಗ ಕಾಲೇಜು ಸೇರಿದೆ, ಅವತ್ತು ಸಿಟ್ಟೋ ಭಯವೋ ತಾನೇ ನೋಡಿ ಹೇಳುತ್ತೇನೆ ಅನ್ನುತ್ತಿದೆ.