ಕ್ಲೂನಿಯಲ್ಲಿ ಇಲ್ಲದ ಚರ್ಚ್ ಹುಡುಕುತ್ತಾ

"ದೊಡ್ಡ ಚರ್ಚ್ ಎಲ್ಲಿದೆ?" ಅಂತ ಕೇಳಿದೆ. ಕಂಕುಳಲ್ಲಿ ಉದ್ದನೆಯ ಬ್ರೆಡ್ ಇಟ್ಟುಕೊಂಡಿದ್ದ ಅಜ್ಜ ನನ್ನ ಕಾಲಡಿಯ ನೆಲ ತೋರಿಸಿದರು. "ನೀವು ನಿಂತಿದ್ದೀರಲ್ಲ, ಇದೇ."

ಫ್ರಾನ್ಸಿನ ಬರ್ಗಂಡಿಯ ಪುಟ್ಟ ಊರು ಕ್ಲೂನಿ. 910ರಲ್ಲಿ ಅಕ್ವಿಟೇನಿನ ಡ್ಯೂಕ್ ವಿಲಿಯಂ ಇಲ್ಲಿ ಮಠಕ್ಕೆ ಜಾಗ ಕೊಟ್ಟ. ತನಗೂ ತನ್ನ ಮನೆತನಕ್ಕೂ ಅದರ ಮೇಲೆ ಹಕ್ಕಿಲ್ಲ ಅಂತ ಬರೆದೂ ಕೊಟ್ಟ. ಯಾವ ದೊರೆಯ ಹಂಗೂ ಇಲ್ಲದ ಮಠ ಬೆಳೆಯಿತು, ಯುರೋಪಿನ ತುಂಬ ಶಾಖೆಗಳಾದವು. 1088ರಲ್ಲಿ ಮಠಾಧಿಪತಿ ಹ್ಯೂ ಹೊಸ ಚರ್ಚ್ ಶುರು ಮಾಡಿಸಿದರು. ಅದು ಪೂರ್ತಿಯಾದಾಗ 187 ಮೀಟರ್ ಉದ್ದ. ರೋಮಿನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ.

ಫ್ರೆಂಚ್ ಕ್ರಾಂತಿಯಾದ ಮೇಲೆ, 1798ರಲ್ಲಿ, ಅದನ್ನು ಮಾರಿಬಿಟ್ಟರು. ಕೊಂಡವರು ಚರ್ಚಿನ ನಡುವೆಯೇ ರಸ್ತೆ ತೆಗೆದು, ಕಲ್ಲು ಬಿಚ್ಚಿ ಬಿಚ್ಚಿ ಮಾರಿದರು. ಈಗ ಉಳಿದಿರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ.

ಅಜ್ಜ ಮನೆಗೆ ಹೋಗಲಿಲ್ಲ. ನನ್ನನ್ನು ಪಶ್ಚಿಮದ ಬಾಗಿಲಿದ್ದ ಜಾಗಕ್ಕೆ ಕರೆದುಕೊಂಡು ಹೋದರು. ಕೆಳಗೆ ಕಂಬಗಳ ಬುಡ ಮಾತ್ರ. ದೂರದಲ್ಲಿ, ಮನೆಗಳ ಆಚೆ, ಎಂಟು ಮೂಲೆಯ ಗೋಪುರ ಒಂದೇ. "ಇಲ್ಲಿಂದ ಅಲ್ಲಿಗೆ, ಅದನ್ನೂ ದಾಟಿ," ಎಂದರು. ಅವರ ಇಂಗ್ಲಿಷ್, ನನ್ನ ಫ್ರೆಂಚ್, ಎರಡೂ ಅಷ್ಟಕ್ಕಷ್ಟೆ. ಬೇಜಾರಾಗಲ್ವಾ ಅಂತ ಕೇಳಿದೆ. ಒಂದು ಬುಡದ ಮೇಲೆ ಕೈಯಿಟ್ಟು, "ನಮ್ಮ ಮನೆ ಗೋಡೆಯಲ್ಲೂ ಇಂಥ ಕಲ್ಲಿದೆ. ಚಿಕ್ಕವನಿದ್ದಾಗ ಅದಕ್ಕೆ ಒರಗಿ ಕೂರುತ್ತಿದ್ದೆ," ಎಂದರು. ಆಮೇಲೆ ನನಗೆ ಮಾತೇ ಹೊರಡಲಿಲ್ಲ.

ಗೋಪುರದ ಒಳಗೆ ಹೋಗಿ ಕತ್ತೆತ್ತಿದೆ. ಇಷ್ಟು ಎತ್ತರ ಇದ್ದದ್ದು ಚರ್ಚಿನ ಬರೀ ಒಂದು ಪಕ್ಕೆಯೇ? ಅಲ್ಲಿ ತೋರಿಸುವ ಕಂಪ್ಯೂಟರ್ ಚಿತ್ರ ನನಗೆ ಬೇಕಿರಲಿಲ್ಲ. ಆ ಖಾಲಿ ಜಾಗವೇ ಜಾಸ್ತಿ ಹೇಳಿತು.

ಒಂದು ಮಾತು. ಹತ್ತಿರದ ಊರು ಮಾಕೋನ್‌ನಿಂದ ಬಸ್ಸಿನಲ್ಲಿ ಹೋಗುವವರು ಭಾನುವಾರದ ವೇಳೆಯನ್ನು ಬೇರೆಯಾಗಿ ನೋಡಿಕೊಳ್ಳಿ. ವಾರದ ದಿನದ ಪಟ್ಟಿ ನಂಬಿ ನಾನು ಎರಡೂವರೆ ಗಂಟೆ ಚಳಿಯಲ್ಲಿ ನಿಂತೆ. ಅಷ್ಟು ಹೊತ್ತು ಮಠದ ಹಿಟ್ಟಿನ ಕಣಜದಲ್ಲೇ ಇರಬಹುದಿತ್ತು.

ಮರದ ಛಾವಣಿಯ ಆ ಹಳೇ ಕಣಜದಲ್ಲಿ ದೊಡ್ಡ ಚರ್ಚಿನ ಗರ್ಭಗುಡಿಯ ಕಂಬಗಳ ಕೆತ್ತಿದ ತಲೆಗಳನ್ನು ಇಟ್ಟಿದ್ದಾರೆ. ಒಂದರ ಮೇಲೆ ತಂತಿವಾದ್ಯ ಹಿಡಿದ ಮನುಷ್ಯ. ಪ್ರಾರ್ಥನೆ ಹಾಡಿನ ಸ್ವರಕ್ರಮಗಳನ್ನು ಹೀಗೆ ಮನುಷ್ಯರಾಗಿ ಕೆತ್ತಿದ್ದಾರೆ. ಮಾತಾಡಬಾರದ ಹೊತ್ತಿನಲ್ಲಿ ಮೀನು ಬೇಕಾದರೂ ಕೈಯನ್ನು ಬಾಲದಂತೆ ಆಡಿಸಿ ಕೇಳುತ್ತಿದ್ದ ಸನ್ಯಾಸಿಗಳು, ಹಾಡಲು ಮಾತ್ರ ದಿನವೂ ಗಂಟೆಗಟ್ಟಲೆ ಬಾಯಿ ತೆರೆಯುತ್ತಿದ್ದರು. ಅವರು ಹಾಡಿದ್ದು ಈ ಕಲ್ಲಿನ ಮನುಷ್ಯನ ಕೆಳಗೆ ನಿಂತು.